ತುಱುವಿನ ‘ಱ’ ಪರದೆಗೆ ಬರುವ ದಾರಿ: ಚಿಕ್ಕಬಳ್ಳಾಪುರ ಸೀಮೆಯ ಪಠ್ಯಗಳು ಮತ್ತು ವೆಬ್ ಫಾಂಟ್ ಪರಿವರ್ತನೆ

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಗ್ರಹದ 10ನೇ ಸಂಪುಟ ಹೊರಬಂದದ್ದು 1905ರಲ್ಲಿ. ಅದು ಕೋಲಾರ ಜಿಲ್ಲೆಯ ಸಂಪುಟ. 2007ರಲ್ಲಿ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳೂ ಅದರಲ್ಲೇ ಇವೆ. ಗಂಗ, ಬಾಣ, ನೊಳಂಬರ ಕಾಲದ ವೀರಗಲ್ಲುಗಳನ್ನು ಓದಿದವರಿಗೆ ತುಱುಗೊಳ್, ಊರೞಿವು ಎಂಬ ಮಾತುಗಳು ಚೆನ್ನಾಗಿ ಗೊತ್ತು. ಹಗೆಗಳು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವನಿಗೆ, ಊರಿನ ಉಳಿವಿಗಾಗಿ ಕಾದಿ ಸತ್ತವನಿಗೆ ನಿಲ್ಲಿಸಿದ ಕಲ್ಲುಗಳವು. ಆ ಎರಡು ಮಾತುಗಳಲ್ಲಿರುವ ‘ಱ’ ಮತ್ತು ‘ೞ’ ವೆಬ್ ಪುಟಕ್ಕೆ ಹೇಗೆ ಬರುತ್ತವೆ, ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತವೆ ಎಂಬುದನ್ನು ಇಲ್ಲಿ ನೋಡುತ್ತೇನೆ.

ಫಾಂಟನ್ನು ಪುಟದ ಜೊತೆಗೇ ಕಳಿಸುವ ಯೋಚನೆ ಹಳೆಯದು. ಮೈಕ್ರೋಸಾಫ್ಟ್ 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರೊಂದಿಗೆ ಇಒಟಿ ಎಂಬ ರೂಪವನ್ನು ತಂದಿತು. ಬೇರೆ ಬ್ರೌಸರುಗಳು ಅದನ್ನು ಒಪ್ಪಲಿಲ್ಲ. ಎಲ್ಲರಿಗೂ ಒಪ್ಪಿಗೆಯಾದ ವೋಫ್ ರೂಪಕ್ಕೆ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿಯ ಮನ್ನಣೆ ಸಿಕ್ಕಿದ್ದು 2012ರ ಡಿಸೆಂಬರಿನಲ್ಲಿ, ಅದರ ಎರಡನೆಯ ಆವೃತ್ತಿಗೆ 2018ರ ಮಾರ್ಚಿನಲ್ಲಿ. ಮೊದಲನೆಯದು ಫಾಂಟಿನ ಕೋಷ್ಟಕಗಳನ್ನು ಒಂದೊಂದಾಗಿ ಒತ್ತಿ ಕಿರಿದು ಮಾಡುತ್ತದೆ. ಎರಡನೆಯದು ಬ್ರಾಟ್ಲಿ ವಿಧಾನದಿಂದ ಇನ್ನಷ್ಟು ಹಗುರಾಗುತ್ತದೆ. ಬರಿಯ ಈ ಒತ್ತುವಿಕೆಯಿಂದ ಅಕ್ಷರಕ್ಕೆ ಯಾವ ಊನವೂ ಇಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದ್ದವು. ಅಂಥ ಫಾಂಟನ್ನು ವೋಫ್‌ಗೆ ಬದಲಾಯಿಸಿದರೆ ಪುಟ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಒಳಗಿನ ಪಠ್ಯ ಕನ್ನಡವಾಗುವುದಿಲ್ಲ. ‘ಶಿಡ್ಲಘಟ್ಟ’ ಎಂದು ಹುಡುಕಿದವರಿಗೆ ಆ ಪುಟ ಸಿಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಅರ್ಥವಾಗದು. ಫಾಂಟಿನ ಪರಿವರ್ತನೆ ಬೇರೆ, ಪಠ್ಯವನ್ನು ಯೂನಿಕೋಡಿಗೆ ತರುವುದು ಬೇರೆ. ಎರಡನೆಯದು ಮೊದಲು ಆಗಬೇಕು.

ನಿಜವಾದ ಅಪಾಯ ಇರುವುದು ಗಾತ್ರ ಇಳಿಸಲೆಂದು ಫಾಂಟನ್ನು ಕತ್ತರಿಸುವಾಗ. ನಾಲ್ಕು ಊರುಗಳ ಹೆಸರನ್ನೇ ಬಿಡಿಸಿ ನೋಡೋಣ. ‘ಚಿಕ್ಕಬಳ್ಳಾಪುರ’ ನಮ್ಮ ಕಣ್ಣಿಗೆ 6 ಅಕ್ಷರ, ಯೂನಿಕೋಡಿನಲ್ಲಿ 13 ಸಂಕೇತ. ‘ಶಿಡ್ಲಘಟ್ಟ’ 4 ಅಕ್ಷರ, 9 ಸಂಕೇತ. ಡಕಾರದ ಕೆಳಗಿನ ಲಕಾರದ ಒತ್ತಿಗೆ ಪ್ರತ್ಯೇಕ ಸಂಕೇತವೇ ಇಲ್ಲ. ಡ, ವಿರಾಮ, ಲ ಎಂಬ ಮೂರು ಸಂಕೇತಗಳನ್ನು ಕಂಡು ಒತ್ತಿನ ಆಕಾರವನ್ನು ತಂದುಕೊಡುವುದು ಫಾಂಟಿನೊಳಗಿನ ಜಿಸಬ್ ಕೋಷ್ಟಕ. ಅದು ಬಿದ್ದುಹೋದರೆ ಡ್ ಮತ್ತು ಲ ಅಕ್ಕಪಕ್ಕ ಬಿಡಿಬಿಡಿಯಾಗಿ ನಿಲ್ಲುತ್ತವೆ. ಗೌರಿಬಿದನೂರಿಗೆ, ಚಿಂತಾಮಣಿಗೆ ಒತ್ತಿಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ. ಚಿ, ಣಿ, ರಿ, ಬಿಗಳಲ್ಲಿ ಅಕ್ಷರದ ರೂಪ ಬದಲಾಗಿ ಗುಡಿಸು ಕೂಡಿಕೊಳ್ಳುವುದೂ ಹೆಚ್ಚಿನ ಫಾಂಟುಗಳಲ್ಲಿ ಅದೇ ಕೋಷ್ಟಕದ ಕೆಲಸ. ಲ್ಯಾಟಿನ್ ಲಿಪಿಯೊಂದನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಪರಿವರ್ತಕಗಳು ಇದನ್ನು ಅಲಂಕಾರವೆಂದು ಎಣಿಸಿ ಕಿತ್ತುಹಾಕುವುದುಂಟು. ಕನ್ನಡಕ್ಕೆ ಅದು ಅಲಂಕಾರವಲ್ಲ, ಕಾಗುಣಿತ. ಫಾಂಟ್‌ಟೂಲ್ಸ್‌ನಂಥ ಮುಕ್ತ ಸಾಧನ ಬಳಸಿದರೆ, ಉಳಿಸಿಕೊಂಡ ಸಂಕೇತಗಳಿಂದ ಹುಟ್ಟಬಹುದಾದ ಒತ್ತುಗಳನ್ನೂ ಸಂಯುಕ್ತ ರೂಪಗಳನ್ನೂ ಅದೇ ಹುಡುಕಿ ಇಟ್ಟುಕೊಳ್ಳುತ್ತದೆ. ಯಾವ ಸಂಕೇತಗಳು ಉಳಿಯಬೇಕೆಂದು ಹೇಳುವ ಹೊಣೆ ಮಾತ್ರ ನಮ್ಮದು.

ಹಳೆಯ ಅಕ್ಷರಗಳು ತಪ್ಪಿಹೋಗುವುದು ಆ ಪಟ್ಟಿ ಮಾಡುವಾಗಲೇ. ಇಂದಿನ ವರ್ಣಮಾಲೆಯನ್ನು ನೋಡಿ ಪಟ್ಟಿ ಬರೆದವನು ಱ, ೞಗಳನ್ನು ಬಿಡುತ್ತಾನೆ. ಆಗ ‘ತುಱು’ವಿನ ‘ತು’ ನಾವು ಕಳಿಸಿದ ಫಾಂಟಿನಲ್ಲಿ, ‘ಱು’ ಓದುಗನ ಫೋನಿನಲ್ಲಿರುವ ಇನ್ನಾವುದೋ ಫಾಂಟಿನಲ್ಲಿ ಮೂಡುತ್ತದೆ. ಒಂದು ದಪ್ಪ, ಒಂದು ತೆಳು. ಅಲ್ಲೂ ಇಲ್ಲದಿದ್ದರೆ ಖಾಲಿ ಚೌಕ. ಈ ತೊಂದರೆಗೆ ಬೇಸತ್ತು ರ, ಳ ಹಾಕಿ ಮುಗಿಸಿದರೆ ಶಾಸನಪಾಠವೇ ಕೆಟ್ಟಂತೆ. ವ್ಯಾಕರಣಕಾರ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ (ಅಂದರೆ ೞ), ಕುಳ, ಕ್ಷಳಗಳನ್ನು ಬೇರ್ಪಡಿಸಲು ಅಷ್ಟು ಶ್ರಮಪಟ್ಟದ್ದು ಯಾಕೆಂದು ಪರಿವರ್ತನೆಗೆ ಕೂರುವವರು ಒಮ್ಮೆ ನೆನೆಯಬೇಕು. ಯೂನಿಕೋಡಿನಲ್ಲೂ ೞ ಅಕ್ಷರಕ್ಕೆ ಅನ್ಯಾಯವಾಗಿದೆ. ಅದಕ್ಕೆ ಅಲ್ಲಿ ‘ಫ’ ಎಂದು ತಪ್ಪು ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಹೆಸರು ನೋಡಿ ಆರಿಸುವವರು ಇಲ್ಲಿ ಮೋಸಹೋಗುವುದು ಸುಲಭ.

ಪಟ್ಟಿಯಿಂದ ತಪ್ಪಿಹೋಗುವುದು ಹಳೆಯ ಅಕ್ಷರಗಳಷ್ಟೇ ಅಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ತತ್ವಪದಗಳನ್ನು ಹಾಡಿದವರು. ಅಂಥ ಪದಗಳ ಚರಣದ ಕೊನೆಗೆ ಹಾಕುವ ‘।’, ‘॥’ ಗೆರೆಗಳು ಯೂನಿಕೋಡಿನಲ್ಲಿ ಕನ್ನಡ ವಿಭಾಗದಲ್ಲಿಲ್ಲ, ದೇವನಾಗರಿ ವಿಭಾಗದಲ್ಲಿವೆ. ಕನ್ನಡ ವಿಭಾಗವನ್ನಷ್ಟೇ ಉಳಿಸಿ ಕತ್ತರಿಸಿದ ಫಾಂಟಿನಲ್ಲಿ ಪ್ರತಿ ಚರಣದ ಕೊನೆಯೂ ಪರಕೀಯವಾಗಿ ಕಾಣುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯಲು ಬೇಕಾದ ಕಣ್ಣಿಗೆ ಕಾಣದ ಬಿಡಿಸುಗುರುತು, ‘₹’ ಚಿಹ್ನೆ ಇವೂ ಕನ್ನಡ ವಿಭಾಗದ ಹೊರಗಿನವೇ.

ಪರವಾನಗಿಯ ಮಾತೂ ಇದೆ. ಓಪನ್ ಫಾಂಟ್ ಲೈಸೆನ್ಸ್ ಇರುವ ಫಾಂಟನ್ನು ಇದ್ದಂತೆಯೇ ವೋಫ್‌ಗೆ ಒತ್ತಿದರೆ ಅದು ಮಾರ್ಪಾಡು ಎನಿಸುವುದಿಲ್ಲ. ಅಕ್ಷರ ಕಡಿತಗೊಳಿಸಿದರೆ ಮಾರ್ಪಾಡು. ಕರ್ತೃ ಹೆಸರನ್ನು ಕಾಯ್ದಿರಿಸಿದ್ದರೆ ಹೊಸ ಹೆಸರಿಡಬೇಕು.

ನಾನು ಪರಿವರ್ತಿಸಿದ ಪ್ರತಿ ಫಾಂಟಿಗೂ ಒಂದೇ ಸಾಲನ್ನು ಕೊಟ್ಟು ನೋಡುತ್ತೇನೆ: ‘ಶಿಡ್ಲಘಟ್ಟ ಚಿಕ್ಕಬಳ್ಳಾಪುರ ತುಱುಗೊಳ್ ಊರೞಿವು ॥’. ಈಚೆಗೆ ಅದರ ಕೊನೆಗೆ ನಕಾರ ಪೊಲ್ಲನ್ನೂ ಸೇರಿಸಿದ್ದೇನೆ. ಸ್ವರವಿಲ್ಲದ ನಕಾರಕ್ಕೆ ಹಿಂದೆ ಬಳಸುತ್ತಿದ್ದ ಆ ರೂಪ ಯೂನಿಕೋಡಿಗೆ ಬಂದದ್ದು 2021ರಲ್ಲಿ, 14ನೇ ಆವೃತ್ತಿಯಲ್ಲಿ. ಅದಕ್ಕೂ ಹಿಂದೆ ಮಾಡಿ ಹಾಗೇ ಬಿಟ್ಟ ಫಾಂಟಿನಿಂದ ಯಾವ ಪರಿವರ್ತಕವೂ ಅದನ್ನು ಹೊರತೆಗೆಯಲಾರದು. ಹಳೆಯ ಬರಹದ ಪಡಿಯಚ್ಚನ್ನು ಮುಂದಿಟ್ಟುಕೊಂಡು ಯಾರಾದರೂ ಅಕ್ಷರವನ್ನೇ ಹೊಸದಾಗಿ ಬರೆಯಬೇಕು.