ವಿದ್ಯೆಯ ಅಳತೆಗೋಲು

1845ನೆಯ ಇಸವಿಗೆ ಮುಂಚೆ ಅಮೇರಿಕಾ ದೇಶದ ಬಾಸ್ಟನ್ ನಗರದಲ್ಲಿ ಸಾರ್ವಜನಿಕ ಶಾಲೆಗಳ ವಾರ್ಷಿಕ ಪರೀಕ್ಷೆಯೆಂದರೆ ಅದೊಂದು ಉತ್ಸವವೇ ಆಗಿತ್ತು. ಶಾಲಾಸಮಿತಿಯ ಗೃಹಸ್ಥರು ಬಂದು ಕುಳಿತುಕೊಳ್ಳುವರು. ಚುರುಕಾದ ಹುಡುಗರು ಎದ್ದು ನಿಂತು ತಾವು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವರು. ಬೆಂಜಮಿನ್ ಫ್ರಾಂಕ್ಲಿನನು ತನ್ನ ಉಯಿಲಿನಲ್ಲಿ ಬಿಟ್ಟುಹೋಗಿದ್ದ ಹಣದಿಂದ ಮಾಡಿಸಿದ ಪದಕಗಳು ಕೆಲವರ ಪಾಲಿಗೆ ಬರುವುವು. ಎಲ್ಲರೂ ಸಂತುಷ್ಟರಾಗಿ ಮನೆಗೆ ತೆರಳುವರು. ಒಂದು ಶಾಲೆಯು ಇನ್ನೊಂದಕ್ಕಿಂತ ಮೇಲೋ ಕೀಳೋ ಎಂದು ಯಾರಾದರೂ ಕೇಳಿದ್ದರೂ ಉತ್ತರ ಹೇಳುವ ಸಾಧನವು ಯಾರಲ್ಲಿಯೂ ಇರಲಿಲ್ಲ.

ಈ ನೆಮ್ಮದಿಯನ್ನು ಕೆಡಿಸಿದವನು ಹೊರಾಸ್ ಮ್ಯಾನ್. 1837ರಿಂದ ಮ್ಯಾಸಚೂಸೆಟ್ಸ್ ಸಂಸ್ಥಾನದ ವಿದ್ಯಾಮಂಡಲಿಗೆ ಕಾರ್ಯದರ್ಶಿಯಾಗಿದ್ದ ಈತನು 1843ರಲ್ಲಿ ಯೂರೋಪಿನ ಶಾಲೆಗಳನ್ನು ಕಂಡುಬಂದು, ಪ್ರಷ್ಯಾ ದೇಶದಲ್ಲಿ ಬೆತ್ತವಿಲ್ಲದೆಯೇ ಪಾಠ ನಡೆಯುವ ಬಗೆಯನ್ನು ಕೊಂಡಾಡಿ ವರದಿಯನ್ನು ಬರೆದನು. ಬಾಸ್ಟನ್ನಿನ 31 ಮಂದಿ ಉಪಾಧ್ಯಾಯರು ಇದನ್ನು ತಮಗಾದ ಅಪಮಾನವೆಂದೇ ಬಗೆದು ಖಂಡನಗ್ರಂಥವನ್ನು ಅಚ್ಚುಹಾಕಿಸಿದರು. ವಾದವು ಬೆಳೆಯಿತು. ಮ್ಯಾನನ ಗೆಳೆಯನೂ ಅಂಧರ ಶಾಲೆಯ ಮುಖ್ಯಸ್ಥನೂ ಆಗಿದ್ದ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋ ಎಂಬ ವೈದ್ಯನು ಶಾಲಾಸಮಿತಿಗೆ ಚುನಾಯಿತನಾಗಿ, ಬಾಯಿಮಾತಿನ ಪರೀಕ್ಷೆಗೆ ಬದಲಾಗಿ ಮುದ್ರಿತ ಪ್ರಶ್ನೆಗಳನ್ನು ಕೊಟ್ಟು ಉತ್ತರ ಬರೆಯಿಸುವ ಉಪಾಯವನ್ನು ಮುಂದುಮಾಡಿದನು.

1845ರ ಬೇಸಗೆಯಲ್ಲಿ ಪರೀಕ್ಷಕರು, ಪ್ರಶ್ನೆಗಳ ಸುದ್ದಿ ಮುಂದಾಗಿ ಹರಡದಿರಲೆಂದು, ಒಂದು ಶಾಲೆಯಿಂದ ಇನ್ನೊಂದಕ್ಕೆ ಧಾವಿಸಿದರು. ಪ್ರತಿಯೊಂದು ಶಾಲೆಯ ಮೇಲಿನ ತರಗತಿಯಿಂದ ಆರಿಸಿದ ಮಕ್ಕಳು, ಒಟ್ಟು ಸುಮಾರು 530 ಮಂದಿ, ಒಂದೊಂದು ವಿಷಯಕ್ಕೆ ಒಂದೊಂದು ಗಂಟೆಯಂತೆ ಬರೆದರು. ಇವರು ಸಾಮಾನ್ಯ ವಿದ್ಯಾರ್ಥಿಗಳಲ್ಲ, ಆಯಾ ಶಾಲೆಯ ಮಣಿಗಳು. ಆದರೂ ಸರಿಯುತ್ತರಗಳು ನೂರಕ್ಕೆ 30ರಷ್ಟನ್ನು ಹೆಚ್ಚಾಗಿ ಮೀರಲಿಲ್ಲ. ವ್ಯಾಪಾರ ನಿರ್ಬಂಧದ ಶಾಸನವಾದ ವರುಷವನ್ನು ತಪ್ಪದೆ ಬರೆದ ಹುಡುಗರಲ್ಲಿ ಕೆಲವರಿಗೆ ಆ ನಿರ್ಬಂಧವೆಂದರೇನೆಂಬುದೇ ತಿಳಿಯದು! ಬಾಯಿಪಾಠದ ವೈಭವವೆಲ್ಲವೂ ಒಂದು ಗಂಟೆಯಲ್ಲಿ ಬಯಲಾಯಿತು.

ಸಮಿತಿಯು ಅಷ್ಟಕ್ಕೇ ನಿಲ್ಲದೆ ಶಾಲೆಗಳನ್ನು ಪಟ್ಟಿಮಾಡಿ ಪ್ರಕಟಿಸಿತು. ಮಕ್ಕಳ ಅಂಕಗಳನ್ನು ಕೂಡಿಸಿ ಶಾಲೆಗೂ ಉಪಾಧ್ಯಾಯನಿಗೂ ಬೆಲೆ ಕಟ್ಟುವ ಪದ್ಧತಿಯು ಆ ದೇಶದಲ್ಲಿ ಬೇರೂರಿದುದು ಇಲ್ಲಿಂದ. ಕರಿಯರ ಮಕ್ಕಳಿಗೆಂದೇ ಬೇರೆಯಾಗಿ ಇಟ್ಟಿದ್ದ ಸ್ಮಿತ್ ಶಾಲೆಯು ಪಟ್ಟಿಯ ತಳದಲ್ಲಿ ಬಿದ್ದಿತು. ಅಲ್ಲಿನ ಉಪಾಧ್ಯಾಯನಿಗೆ ಶಿಷ್ಯರ ಶಕ್ತಿಯಲ್ಲಿ ನಂಬಿಕೆ ಸಾಲದೆಂದು ಪರೀಕ್ಷಕರು ದೂರಿದರು. ದೂರಿನಲ್ಲಿ ಸತ್ಯವಿದ್ದಿರಬಹುದು. ಆದರೆ ಆ ಮಕ್ಕಳು ಶಾಲೆಗೆ ಬಂದಾಗ ಎಲ್ಲಿದ್ದರು, ಬಂದಮೇಲೆ ಎಷ್ಟು ದೂರ ನಡೆದರು ಎಂಬುದನ್ನು ಪಟ್ಟಿಯು ಹೇಳಲಾರದು. ಒಂದೇ ದಿನದ ಪರೀಕ್ಷೆಗೆ ಆ ಶಕ್ತಿಯೇ ಇಲ್ಲ. ಪ್ರತ್ಯೇಕ ಶಾಲೆಯ ಅನ್ಯಾಯವನ್ನು ಕರಿಯರು ನ್ಯಾಯಾಲಯದವರೆಗೆ ಒಯ್ದು 1850ರಲ್ಲಿ ಸೋತರು. 1855ರಲ್ಲಿ ಸಂಸ್ಥಾನವೇ ಕಾನೂನು ಮಾಡಿ ಆ ಭೇದವನ್ನು ತೆಗೆದುಹಾಕಿತು.

ಇಂಗ್ಲೆಂಡಿನವರು 1862ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಶಾಲೆಗೆ ಕೊಡುವ ದ್ರವ್ಯಸಹಾಯದ ಬಹುಭಾಗವು ಮಕ್ಕಳು ತೇರ್ಗಡೆಯಾದಷ್ಟಕ್ಕೆ ತಕ್ಕಂತೆ ಇರಬೇಕೆಂದು ಗೊತ್ತುಮಾಡಿದರು. ಮದರಾಸು ಆಧಿಪತ್ಯಕ್ಕೂ ಹಬ್ಬಿದ ಆ ಪದ್ಧತಿಯ ರುಚಿಯನ್ನು ನಮ್ಮ ಕಡೆಯ ಐಗಳ ಮಠಗಳೂ ಕಂಡುವು. ಅದರ ಕಥೆ ಬೇರೆ.

ಅಮೇರಿಕಾದಲ್ಲಿ ಪಟ್ಟಿಯ ಮೇಲಿನ ನಂಬಿಕೆಯು ನೂರು ವರುಷಕ್ಕೂ ಮೀರಿ ಕದಲಲಿಲ್ಲ. 1966ರಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞನು ಆರು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ಪರಿಶೀಲಿಸಿ, ಅಂಕಗಳ ಅಂತರಕ್ಕೆ ಶಾಲೆಯ ಕಟ್ಟಡ ಪುಸ್ತಕಗಳಿಗಿಂತ ಮನೆಯ ಸ್ಥಿತಿಯೇ ಹೆಚ್ಚು ಕಾರಣವೆಂದು ತೋರಿಸಿದನು. ಹಾಗಾದರೆ ಸಿರಿವಂತರ ಊರಿನ ಶಾಲೆಯು ಪಟ್ಟಿಯ ತಲೆಯಲ್ಲಿ ನಿಂತರೆ ಅದರ ಕೀರ್ತಿ ಉಪಾಧ್ಯಾಯರದೋ ತಂದೆತಾಯಿಗಳದೋ? ಈ ತೊಡಕನ್ನು ಬಿಡಿಸಲು ಒಂದೇ ದಾರಿ ಇದ್ದಿತು: ಅದೇ ಮಕ್ಕಳನ್ನು ವರುಷ ವರುಷವೂ ಅಳೆದು ಏರಿಕೆಯನ್ನು ನೋಡುವುದು. ಕೃಷಿಸಂಶೋಧನೆಯ ಲೆಕ್ಕಗಳಲ್ಲಿ ಪಳಗಿದ್ದ ವಿಲಿಯಂ ಸ್ಯಾಂಡರ್ಸನ ಗಣನೆಯನ್ನು ಟೆನ್ನೆಸಿ ಸಂಸ್ಥಾನವು 1992ರಲ್ಲಿ ಶಾಸನದೊಳಕ್ಕೇ ಸೇರಿಸಿಕೊಂಡಿತು.

ಆದರೆ ಜಿಲ್ಲೆ ಜಿಲ್ಲೆಗಳನ್ನು ದೇಶಾದ್ಯಂತ ಹೋಲಿಸುವುದಕ್ಕೆ ಇನ್ನೊಂದು ಅಡ್ಡಿಯಿತ್ತು. 2002ರ ಕಾನೂನು ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರುಷವೂ ಪರೀಕ್ಷೆಯನ್ನು ಕಡ್ಡಾಯ ಮಾಡಿತಾದರೂ, ಪ್ರಶ್ನೆಪತ್ರಿಕೆಯೂ ತೇರ್ಗಡೆಯ ಮಟ್ಟವೂ ಆಯಾ ಸಂಸ್ಥಾನದ ಇಚ್ಛೆಗೆ ಬಿಟ್ಟವು. ಒಬ್ಬನ ಸೇರು ಇನ್ನೊಬ್ಬನ ಪಾವು ಎಂಬಂತಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಾನ್ ರಿಯರ್ಡನ್ ಮತ್ತು ಸಂಗಡಿಗರು, ದೇಶಕ್ಕೆಲ್ಲ ಒಂದೇ ಆಗಿರುವ ಮಾದರಿ ಪರೀಕ್ಷೆಯನ್ನು ತಕ್ಕಡಿಯ ಮುಳ್ಳಾಗಿಟ್ಟುಕೊಂಡು, 2009ರಿಂದೀಚಿನ ಕೋಟಿಗಟ್ಟಲೆ ಅಂಕಗಳನ್ನು ಒಂದೇ ಮಾನಕ್ಕೆ ತಂದರು. ಆಗ ಕಂಡುದು ವಿಸ್ಮಯಕರ. ಮೂರನೆಯ ತರಗತಿಯ ಸರಾಸರಿಯು ಊರಿನ ಐಶ್ವರ್ಯವನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಅಲ್ಲಿಂದ ಮುಂದಿನ ಏರಿಕೆಗೂ ಐಶ್ವರ್ಯಕ್ಕೂ ನಂಟು ತೀರ ಸಡಿಲ.

ಷಿಕಾಗೋ ನಗರವೇ ಇದಕ್ಕೆ ನಿದರ್ಶನ. 1987ರಲ್ಲಿ ಕೇಂದ್ರ ಸರ್ಕಾರದ ವಿದ್ಯಾಮಂತ್ರಿ ವಿಲಿಯಂ ಬೆನೆಟ್ ಅಲ್ಲಿನ ಶಾಲೆಗಳನ್ನು ದೇಶದಲ್ಲಿಯೇ ಅಧಮವೆಂದು ಜರೆದಿದ್ದನು. 2009ರಿಂದ 2014ರವರೆಗಿನ ಅಂಕಗಳನ್ನು ರಿಯರ್ಡನ್ 2017ರಲ್ಲಿ ಲೆಕ್ಕಹಾಕಿದಾಗ, ಆ ನಗರದ ಮಕ್ಕಳು ಮೂರನೆಯದರಿಂದ ಎಂಟನೆಯ ತರಗತಿಗೆ ಬರುವ ಐದು ವರುಷಗಳಲ್ಲಿ ಸರಾಸರಿ ಆರು ವರುಷಗಳಷ್ಟು ಕಲಿಕೆಯನ್ನು ಗಳಿಸಿದ್ದರೆಂದು ತಿಳಿಯಿತು. ದೊಡ್ಡ ಜಿಲ್ಲೆಗಳಲ್ಲಿ ಅಷ್ಟು ವೇಗವು ಬೇರೆಲ್ಲಿಯೂ ಕಾಣಲಿಲ್ಲ. ಹಾಗೆಂದು ಏರಿಕೆಯ ಅಂಕವೆಲ್ಲವೂ ಉಪಾಧ್ಯಾಯನ ಗಳಿಕೆಯೆನ್ನುವಂತಿಲ್ಲ. ಮನೆಯ ಪಾಠ, ಬೇಸಗೆಯ ರಜೆ, ಊರು ಬಿಟ್ಟು ಹೋಗುವ ಬರುವ ಸಂಸಾರಗಳು, ಇವೂ ಅದರಲ್ಲಿ ಬೆರೆತಿರುತ್ತವೆ. ಅಷ್ಟು ವೇಗವಾಗಿ ನಡೆದೂ ಆ ಮಕ್ಕಳ ಸರಾಸರಿಯು ಎಂಟನೆಯ ತರಗತಿಯಲ್ಲಿ ದೇಶದ ಸರಾಸರಿಗಿಂತ ಕೆಳಗೇ ಇದ್ದಿತು. ಡಾಕ್ಟರ್ ಹೋನ ಪಟ್ಟಿಯಂಥದನ್ನು ಮಾತ್ರ ಕೈಯಲ್ಲಿ ಹಿಡಿದ ಪರೀಕ್ಷಕನು ಆ ವರುಷವೂ ಷಿಕಾಗೋವನ್ನು ಹಿಂದೆ ಬಿದ್ದ ಊರುಗಳ ಸಾಲಿನಲ್ಲಿಯೇ ಬರೆದುಕೊಳ್ಳುತ್ತಿದ್ದನು.