ಆನವಟ್ಟಿಯ ಕಿರ್ಬಿ, ಬಳ್ಳಿಗಾವಿಯ ದಾಸೋಜ

ವಿಡಿಯೊ ಗೇಮ್ ಆಡಿ ಬೆಳೆದವರಿಗೆ ಕಿರ್ಬಿಯ ಪರಿಚಯ ಇದ್ದೇ ಇರುತ್ತದೆ. ಗುಲಾಬಿ ಬಣ್ಣದ ಒಂದು ಉಂಡೆ, ಎರಡು ಉದ್ದನೆಯ ಕಣ್ಣು, ಮೋಟು ಕೈ, ಕೆಂಪು ಪಾದ. ಇಷ್ಟೇ. 1992ರಲ್ಲಿ ನಿಂಟೆಂಡೊದ ಗೇಮ್ ಬಾಯ್‌ನಲ್ಲಿ ಅದು ಮೊದಲ ಸಲ ಕಾಣಿಸಿಕೊಂಡಿತು. ಮಸಾಹಿರೊ ಸಕುರಾಯ್ ಎಂಬ ಯುವಕ, ನಿಜವಾದ ನಾಯಕನ ಚಿತ್ರ ತಯಾರಾಗುವವರೆಗೆ ಸದ್ಯಕ್ಕಿರಲಿ ಅಂತ ಈ ಉಂಡೆ ಬರೆದಿದ್ದ. ಬರೆದವನಿಗೇ ಅದು ಇಷ್ಟವಾಗಿ ಉಳಿದುಬಿಟ್ಟಿತು.

ಹೆಸರಿನ ಕಥೆ ಇನ್ನೂ ಚೆನ್ನಾಗಿದೆ. 1981ರಲ್ಲಿ ನಿಂಟೆಂಡೊ 'ಡಾಂಕಿ ಕಾಂಗ್' ಎಂಬ ಆಟ ತಂದಿತು. ಒಂದು ದೊಡ್ಡ ಕೋತಿ ಹುಡುಗಿಯನ್ನು ಎತ್ತಿಕೊಂಡು ಮೇಲೆ ಹತ್ತಿ ಕೂರುತ್ತದೆ, ಕೆಳಗಿನಿಂದ ಒಬ್ಬ ಮೀಸೆಯವ ಜಿಗಿಯುತ್ತ ಹೋಗಿ ಬಿಡಿಸಿಕೊಂಡು ಬರಬೇಕು. ಮುಂದೆ ಮಾರಿಯೊ ಅಂತ ಜಗತ್ಪ್ರಸಿದ್ಧನಾದವನು ಈ ಮೀಸೆಯವನೇ. ಇದು ನಮ್ಮ 'ಕಿಂಗ್ ಕಾಂಗ್' ಕದ್ದಿದ್ದು ಅಂತ ಯೂನಿವರ್ಸಲ್ ಸ್ಟುಡಿಯೋಸ್ 1982ರಲ್ಲಿ ಕೇಸು ಹಾಕಿತು. ನಿಂಟೆಂಡೊ ಪರ ವಾದಿಸಿದವರು ಜಾನ್ ಕಿರ್ಬಿ. ಆ ಕೇಸಿನಲ್ಲಿ ಹೊರಬಂದ ಸಂಗತಿಯೊಂದು ತಮಾಷೆಯಾಗಿತ್ತು. ಅದಕ್ಕೂ ಕೆಲವು ವರ್ಷ ಮೊದಲು ತಾನೇ ಕಿಂಗ್ ಕಾಂಗ್ ಸಿನಿಮಾ ಮಾಡಲು ಹೊರಟಾಗ, ಕಿಂಗ್ ಕಾಂಗ್ ಕಥೆ ಯಾರ ಸ್ವತ್ತೂ ಅಲ್ಲ, ಎಲ್ಲರಿಗೂ ಸೇರಿದ್ದು ಅಂತ ಇದೇ ಯೂನಿವರ್ಸಲ್ ಇನ್ನೊಂದು ಕೋರ್ಟಿನಲ್ಲಿ ವಾದಿಸಿತ್ತು! ನಿಂಟೆಂಡೊ ಗೆದ್ದಿತು, 1984ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ವಕೀಲರಿಗೆ ಕಂಪನಿ ಒಂದು ಹಾಯಿದೋಣಿಯನ್ನೇ ಉಡುಗೊರೆ ಕೊಟ್ಟಿತು. ಗುಲಾಬಿ ಉಂಡೆಗೆ ಹೆಸರು ಹುಡುಕುವಾಗಲೂ ಅವರ ನೆನಪಾಯಿತು.

ನಕಲಿನ ಆರೋಪದಿಂದ ಪಾರುಮಾಡಿದ ವಕೀಲರ ಹೆಸರು ಹೊತ್ತ ಈ ಗೊಂಬೆಯನ್ನು ಇವತ್ತು ಲೋಕವೆಲ್ಲ ನಕಲು ಮಾಡುತ್ತಿದೆ. ಕ್ರೋಶಾ ಕಡ್ಡಿ ಹಿಡಿದು ಉಲ್ಲನ್ ಗೊಂಬೆ ಮಾಡುವ ಜಪಾನಿ ಕಲೆಗೆ ಅಮಿಗುರುಮಿ ಅನ್ನುತ್ತಾರೆ. ಅದರಲ್ಲಿ ಹೊಸಬರು ಮೊದಲು ಕಲಿಯುವುದು ಉಂಡೆ ಹೆಣೆಯುವುದನ್ನು. ಉಂಡೆ ಬಂದರೆ ಕಿರ್ಬಿ ಬಂದ ಹಾಗೇ.

ಆನವಟ್ಟಿಯಲ್ಲಿರುವ ನಮ್ಮ ಚಿಕ್ಕಮ್ಮ ಕೂಡ ಹಾಗೇ ಶುರು ಮಾಡಿದ್ದು. ಬಾಗಿಲ ತೋರಣ, ಟಿವಿ ಮೇಲಿನ ಹೊದಿಕೆ, ಮಕ್ಕಳ ಟೋಪಿ ಹೆಣೆದು ಕೈ ಪಳಗಿದವಳು. ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ ಚಿತ್ರ ನೋಡಿಯೇ ಒಂದು ಕಿರ್ಬಿ ಮಾಡಿಕೊಟ್ಟಳು. ಅದರ ಫೋಟೊ ಯಾರಿಂದಲೋ ಯಾರಿಗೋ ಹೋಗಿ, ಶಿವಮೊಗ್ಗದಿಂದ ಒಂದು ಆರ್ಡರ್ ಬಂತು. ಹುಟ್ಟುಹಬ್ಬಕ್ಕೆ ಬರುವ ಮಕ್ಕಳಿಗೆ ಹಂಚಲು 30 ಗೊಂಬೆ, ಒಂದಕ್ಕೆ 250 ರೂಪಾಯಿ. ಅಷ್ಟರಲ್ಲಿ ಯಾರೋ ಹೆದರಿಸಿದ್ದಾರೆ. ನನಗೆ ಫೋನ್ ಬಂತು: "ಹೌದನೇ, ಕಂಪನಿಯವ್ರು ಕೇಸ್ ಹಾಕ್ತಾರಂತೆ? ನಾನೇ ಕೂತು ಹೆಣೆದಿದ್ದು, ಉಲ್ಲನ್ನಿಗೆ ನಾನೇ ದುಡ್ಡು ಕೊಟ್ಟಿದ್ದು. ಇದ್ರಾಗೆ ಕದ್ದಿದ್ದು ಏನೈತಿ?"

ಏನೈತಿ ಅಂತ ನೋಡೋಣ. ಉಂಡೆಯನ್ನು ಹೆಣೆಯುವ ಕ್ರಮ ಹೀಗೆ. ಮೊದಲ ಸುತ್ತಿಗೆ 6 ಕುಣಿಕೆ, ಎರಡನೆಯದಕ್ಕೆ 12, ಆಮೇಲೆ 18, 24. ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋಗಿ, ನಡುವೆ ಕೆಲವು ಸುತ್ತು ಹಾಗೇ ಬಿಟ್ಟು, ಆಮೇಲೆ ಆರಾರು ಇಳಿಸುತ್ತ ಬಂದರೆ ಉಂಡೆ ಸಿದ್ಧ. ಇದು ಬರೀ ಲೆಕ್ಕ. ಲೆಕ್ಕಕ್ಕೆ ಕಾಪಿರೈಟ್ ಇಲ್ಲ, ಹೊಲಿಗೆಗೂ ಇಲ್ಲ. ಆದರೆ ಆ ಉಂಡೆಗೆ ಗುಲಾಬಿ ಉಲ್ಲನ್ ಆರಿಸಿ, ಅದೇ ಕಣ್ಣು, ಅದೇ ಕೆಂಪು ಪಾದ ಇಟ್ಟ ಗಳಿಗೆಯಲ್ಲಿ ಅದು ಇನ್ನೊಬ್ಬರು ಬರೆದ ಚಿತ್ರವಾಗುತ್ತದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಕಾಗದದ ಮೇಲಿನ ಚಿತ್ರವನ್ನು ಮೂರು ಆಯಾಮದ ವಸ್ತುವಾಗಿ ಮಾಡುವ ಹಕ್ಕೂ ಚಿತ್ರದ ಒಡೆಯನದ್ದೇ. ಮೊಮ್ಮಗಳಿಗೆ ಅಂತ ಒಂದು ಮಾಡಿಕೊಟ್ಟರೆ 52ನೇ ಸೆಕ್ಷನ್ನಿನ ಖಾಸಗಿ ಬಳಕೆಯ ಆಸರೆ ಇದೆ. 30 ಮಾಡಿ ಮಾರಿದರೆ ಆ ಆಸರೆ ಸಿಗುವುದಿಲ್ಲ.

ಇನ್ನೂ ಒಂದು ಪದರ ಇದೆ. ಯಾರಾದರೂ ಸಾಲುಸಾಲಾಗಿ ಬರೆದು ಮಾರುವ ಪ್ಯಾಟರ್ನ್ ಇರುತ್ತದಲ್ಲ, ಆ ಬರಹ ಬರೆದವರ ಸ್ವತ್ತು. ಅದನ್ನು ಜೆರಾಕ್ಸ್ ಮಾಡಿ ಹಂಚುವುದು ಬೇರೆಯದೇ ತಪ್ಪು. ಮಜಾ ಅಂದರೆ ಕಿರ್ಬಿಯ ಪ್ಯಾಟರ್ನ್ ಬರೆದು ಮಾರುವವರೂ ಬಹುಪಾಲು ನಿಂಟೆಂಡೊವನ್ನು ಕೇಳಿರುವುದಿಲ್ಲ. ಆದರೂ ಪುಟದ ಕೊನೆಗೆ 'ಇದರಿಂದ ಮಾಡಿದ ಗೊಂಬೆ ಮಾರಬೇಡಿ' ಅಂತ ಗದರುತ್ತಾರೆ.

ಕಂಪನಿಗಳು ಎಲ್ಲರ ಬೆನ್ನು ಹತ್ತುವುದಿಲ್ಲ, ಅದು ನಿಜ. ಆದರೆ ಮಾರಾಟ ಕಣ್ಣಿಗೆ ಬಿದ್ದರೆ ಲೆಕ್ಕ ಬದಲಾಗುತ್ತದೆ. 2008ರಲ್ಲಿ ಇಂಗ್ಲೆಂಡಿನಲ್ಲಿ ಹೀಗಾಯಿತು. 'ಡಾಕ್ಟರ್ ಹೂ' ಧಾರಾವಾಹಿಯ ಅಡಿಪೋಸ್ ಎಂಬ ಬಿಳಿ ಗುಂಡು ಪ್ರಾಣಿಯನ್ನು ಹೆಣೆಯುವ ಕ್ರಮವನ್ನು ಅಭಿಮಾನಿಯೊಬ್ಬಳು ಬಿಟ್ಟಿಯಾಗಿ ಹಂಚಿದ್ದಳು. ಯಾರೋ ಅದನ್ನು ನೋಡಿ ಗೊಂಬೆ ಮಾಡಿ ಇ-ಬೇಯಲ್ಲಿ ಮಾರಿದರು. ಪ್ಯಾಟರ್ನ್ ತೆಗೆಯಿರಿ ಅಂತ ಬಿಬಿಸಿ ಪತ್ರ ಬರೆದದ್ದು ಮಾತ್ರ ಹಂಚಿದವಳಿಗೆ.

ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಒಪ್ಪಿದಳು, ಆದರೆ ಒಪ್ಪಿದ ದನಿಯಲ್ಲಿ ಅಲ್ಲ. ಅವಳ ತಕರಾರನ್ನು ತಳ್ಳಿಹಾಕುವುದು ಸುಲಭವೂ ಅಲ್ಲ. ನೋಡಿ ಮಾಡುವುದೇ ಕಲಿಯುವುದು ಎಂಬ ಊರಿನಲ್ಲಿ ಬೆಳೆದವಳು ಅವಳು.

ಆನವಟ್ಟಿಯ ಅಂಚಿನಲ್ಲೇ, ಕೋಟಿಪುರದಲ್ಲಿ, ಕುಬಟೂರಿನ ಕೈಟಭೇಶ್ವರ ದೇವಸ್ಥಾನ ಇದೆ. ಸುಮಾರು 1100ರ ಹೊತ್ತಿನದು. ಒಳಗೆ ಹೋದರೆ ಕನ್ನಡಿಯಂತೆ ಹೊಳೆಯುವ, ಕಡೆದು ತಿರುವಿದ ಕಂಬಗಳ ಸಾಲು. ಸ್ವಲ್ಪ ದಕ್ಷಿಣಕ್ಕೆ ಬಳ್ಳಿಗಾವಿಗೆ ಹೋಗಿ, ಅದೇ ಜಾತಿಯ ಕಂಬ. ಉತ್ತರಕ್ಕೆ ಹಾನಗಲ್ಲಿನ ತಾರಕೇಶ್ವರಕ್ಕೆ ಹೋಗಿ, ಅಲ್ಲೂ ಅದೇ. ಗಂಟೆ ಆಕಾರದ ಆ ಕಂಬವನ್ನು ಮೊದಲು ಯೋಚಿಸಿದವನು ಯಾರು? ಅವನು ಮಿಕ್ಕವರಿಂದ ಏನಾದರೂ ವಸೂಲಿ ಮಾಡಿದನೇ? ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡ ಕಲೆ ಹಬ್ಬಿದ್ದೇ ಒಬ್ಬರದನ್ನೊಬ್ಬರು ನೋಡಿ ಮಾಡಿದ್ದರಿಂದ.

ಹಾಗಂತ ಆ ಶಿಲ್ಪಿಗಳಿಗೆ 'ಇದು ನನ್ನದು' ಎಂಬ ಹಮ್ಮು ಇರಲಿಲ್ಲ ಅಂದುಕೊಳ್ಳಬೇಡಿ. ಭಾರತದ ಶಿಲ್ಪಿಗಳೆಲ್ಲ ಅನಾಮಿಕರು, ಹೆಸರಿನ ಆಸೆ ಬಿಟ್ಟ ಋಷಿಗಳು ಅಂತ ಭಾಷಣಗಳಲ್ಲಿ ಕೇಳಿರುತ್ತೀರಿ. ಆ ಮಾತು ನಮ್ಮ ಕಡೆಗೆ ಹೊಂದುವುದಿಲ್ಲ. 1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಬುಡದಲ್ಲಿ ಹೆಸರು ಕೊರೆದಿದ್ದಾರೆ. ಊರಿನ ಹೆಸರನ್ನೂ ಬಿಟ್ಟಿಲ್ಲ: ಬಳ್ಳಿಗಾವಿ, ಅಂದರೆ ನಮ್ಮ ಪಕ್ಕದ ಶಿಕಾರಿಪುರ ತಾಲೂಕು. ಆ ಕಾಲದ ಶಿಲ್ಪಿಗಳ ಬಿರುದುಗಳೂ ಜೋರು, ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವವನು ಎಂಬ ಧಾಟಿಯವು. ಇವತ್ತಿನ ಲಿಂಕ್ಡ್‌ಇನ್ ಪ್ರೊಫೈಲು ಅದರ ಮುಂದೆ ಸಪ್ಪೆ.

ನನಗೆ ಮುಖ್ಯ ಅನ್ನಿಸುವುದು ಇದು: ದಾಸೋಜ ಹೆಸರು ಕೊರೆದದ್ದು ತಾನು ಕಡೆದ ಕಲ್ಲಿನ ಮೇಲೆ. ಕನ್ನಡಿ ಹಿಡಿದ ಹೆಂಗಸಿನ ಭಂಗಿ ಇನ್ನು ಮುಂದೆ ನನ್ನದು ಅಂತ ಅವನು ಹೇಳಲಿಲ್ಲ, ಹೇಳುವ ದಾರಿಯೂ ಇರಲಿಲ್ಲ. ಕೈಕೆಲಸ ಅವನದು, ಭಂಗಿ ಎಲ್ಲರದು. ಕಿರ್ಬಿಯಲ್ಲಿ ಇದು ತಿರುವುಮುರುವು. ರೂಪ ಕಂಪನಿಯದು. ಎರಡು ದಿನ ಬೆರಳು ಸವೆಸಿದ ಕೈಗೆ ಹೆಸರೂ ಇಲ್ಲ, ಹಕ್ಕೂ ಇಲ್ಲ.

ಹೆಂಗಸರ ಕೈಕೆಲಸಕ್ಕಂತೂ ದಾಸೋಜನಷ್ಟು ಜಾಗವೂ ಸಿಗಲಿಲ್ಲ. ಕ್ರೋಶಾ ಈ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲಿ, ಹೆಚ್ಚಾಗಿ ಮಿಷನರಿಗಳ ಜೊತೆ. ಆಂಧ್ರದ ನರಸಾಪುರದಲ್ಲಿ ಅದು ದೊಡ್ಡ ರಫ್ತು ಉದ್ಯಮವೇ ಆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ನರಸಾಪುರದ ಲೇಸು ಹೆಣೆಯುವವರ ಮೇಲೆ ಒಂದು ಪುಸ್ತಕ ಬರೆದರು. ದಿನಕ್ಕೆ ಆರೆಂಟು ಗಂಟೆ ಕೂತು ವಿದೇಶಿ ಮಾರುಕಟ್ಟೆಗೆ ಹೆಣೆಯುವ ಹೆಂಗಸರನ್ನು ಯಾರೂ ಕಾರ್ಮಿಕರೆಂದು ಎಣಿಸುತ್ತಿರಲಿಲ್ಲ. ಮನೆಯಲ್ಲಿ ಸುಮ್ಮನೆ ಇರುವವರು, ಬಿಡುವಿನಲ್ಲಿ ಏನೋ ಮಾಡುತ್ತಾರೆ ಅಂತ ಲೆಕ್ಕ. ವ್ಯಾಪಾರ, ರಫ್ತು ಗಂಡಸರದು. 2024ರಲ್ಲಿ ಅದೇ ನರಸಾಪುರದ ಲೇಸಿಗೆ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿತು. ಬಹಳ ತಡ, ಆದರೂ ಸಿಕ್ಕಿತಲ್ಲ.

ಜಿಐ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ಧಾರವಾಡದ ಕಸೂತಿಗೆ ಜಿಐ ಇದೆ, ಚನ್ನಪಟ್ಟಣದ ಗೊಂಬೆಗೂ ಇದೆ. ಆದರೆ ಅದು ಕಾಯುವುದು ಹೆಸರನ್ನು, ವಿನ್ಯಾಸವನ್ನಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳನ್ನು ಯಾರು ಬೇಕಾದರೂ ಹಾಕಬಹುದು. ಗೋಪುರದ, ತೇರಿನ ನಕ್ಷೆಯನ್ನು ಮಷಿನ್ನಿನಲ್ಲಿ ಅಚ್ಚು ಹೊಡೆದು ಬೇರೆ ಹೆಸರಲ್ಲಿ ಮಾರಿದರೆ ಜಿಐ ಕಾಯ್ದೆಯ ಕೈಗೆ ಅದು ಸುಲಭವಾಗಿ ಸಿಗುವುದಿಲ್ಲ.

ನಮ್ಮ ಸೊರಬ-ಸಾಗರದ ಕಡೆಯ ಹಸೆ ಚಿತ್ತಾರವನ್ನೇ ತೆಗೆದುಕೊಳ್ಳಿ. ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಬರೆಯುತ್ತಾರೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಎಳೆ ಪಕ್ಕ ಎಳೆ, ಅಳತೆಪಟ್ಟಿ ಇಲ್ಲದೆ. ಅಮ್ಮನ ಪಕ್ಕ ಕೂತು ಮಗಳು, ಅತ್ತೆಯ ಪಕ್ಕ ಕೂತು ಸೊಸೆ ನೋಡಿ ಕಲಿತದ್ದು. ಬೆಂಗಳೂರಿನ ಅಂಗಡಿಗಳಲ್ಲಿ ಈಗ ಆ ಎಳೆಗಳನ್ನು ಬಟ್ಟೆ ಚೀಲದ ಮೇಲೆ, ಲೋಟದ ಮೇಲೆ ನೋಡುತ್ತೇನೆ. ಬರೆದವರ ಹೆಸರು ಇರುವುದು ಅಪರೂಪ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೂ ಇಲ್ಲ. ಕಾಪಿರೈಟ್ ಇರುವುದು ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. ನೂರಾರು ವರ್ಷ ಹಳೆಯ, ಇಂಥವರೇ ಬರೆದರು ಅಂತ ತೋರಿಸಲಾಗದ ನಕ್ಷೆ ಅದರ ಹೊರಗೆ ಉಳಿಯುತ್ತದೆ. 1992ರ ಉಂಡೆಗೆ ಕಾವಲಿದೆ, ಅದಕ್ಕಿಂತ ಎಷ್ಟೋ ಹಳೆಯ ಚಿತ್ತಾರಕ್ಕಿಲ್ಲ. ಎಲ್ಲ ಜಾನಪದಕ್ಕೂ ಬೀಗ ಹಾಕಬೇಕು ಅಂತ ನಾನು ಹೇಳಲಾರೆ. ಹಾಗೆ ಬೀಗ ಹಾಕಿದ್ದರೆ ಚಿತ್ತಾರವೇ ಹುಟ್ಟುತ್ತಿರಲಿಲ್ಲ, ಹಾನಗಲ್ಲಿನ ಕಂಬವೂ ಏಳುತ್ತಿರಲಿಲ್ಲ. ಆದರೆ ಸಾವಿರಾರು ಚೀಲ ಮಾರುವವರು ಚೀಟಿಯ ಮೇಲೆ ಚಿತ್ತಾರಗಿತ್ತಿಯ ಹೆಸರು ಹಾಕಿ, ಅವಳಿಗೊಂದು ಪಾಲು ಕೊಡಲು ಯಾವ ಕಾನೂನೂ ಅಡ್ಡ ಬಂದಿಲ್ಲ.

30 ಕಿರ್ಬಿಯ ಆರ್ಡರ್ ಚಿಕ್ಕಮ್ಮ ಬಿಟ್ಟಳು. 7,500 ರೂಪಾಯಿ ಅವಳಿಗೆ ಸಣ್ಣ ದುಡ್ಡಲ್ಲ. ಬೆಕ್ಕು, ಆನೆ ಮಾಡಿಕೊಡ್ತೀನಿ ಅಂದರೆ ಆ ಕಡೆಯವರಿಗೆ ಬೇಡ. ಮಗುವಿಗೆ ಕಿರ್ಬಿಯೇ ಬೇಕಂತೆ. ಅದನ್ನು ಬೇರೆ ಯಾರೋ ಹೆಣೆದುಕೊಟ್ಟಿರುತ್ತಾರೆ, ಬಿಡಿ.

ಈ ನಡುವೆ ಕಾಯ್ದೆ ಓದುವಾಗ ನನಗೆ ಒಂದು ಪದ ಸಿಕ್ಕಿತು. 2000ದ ವಿನ್ಯಾಸ ಕಾಯ್ದೆಯಲ್ಲಿ ವಿನ್ಯಾಸ ಅಂದರೇನು ಅಂತ ಹೇಳುವಾಗ, ವಸ್ತುವಿಗೆ ಅದನ್ನು ಹಾಕುವ ವಿಧಾನ ಯಂತ್ರದ್ದಾಗಿರಬಹುದು, ರಾಸಾಯನಿಕದ್ದಾಗಿರಬಹುದು, ಕೈಯದ್ದೂ ಆಗಿರಬಹುದು ಎಂದಿದೆ. ಕೈಯದ್ದು! ಅಂದರೆ ಕಾರ್ಖಾನೆ ಇಲ್ಲದವರೂ, ಸ್ವಂತ ಗೊಂಬೆ ಕಲ್ಪಿಸಿಕೊಂಡರೆ, ನೋಂದಾಯಿಸಬಹುದು. ಆಟಿಕೆಗಳದ್ದು 21ನೇ ವರ್ಗ. 10 ವರ್ಷ ಹಕ್ಕು, ಬೇಕಾದರೆ ಇನ್ನು 5 ವರ್ಷ ಮುಂದುವರಿಸಬಹುದು. ಒಂದು ಕಟ್ಟುನಿಟ್ಟು ಇದೆ: ಅರ್ಜಿ ಹಾಕುವ ಮೊದಲು ಆ ರೂಪ ಎಲ್ಲೂ ಪ್ರಕಟವಾಗಿರಬಾರದು. ಇನ್‌ಸ್ಟಾಗ್ರಾಂಗೆ ಹಾಕಿ ಲೈಕು ಎಣಿಸಿ ಆಮೇಲೆ ನೋಂದಣಿಗೆ ಹೋದರೆ ಹೊಸತನ ಮುಗಿಯಿತು ಅನ್ನುತ್ತಾರೆ. ಹೊಸದಾಗಿ ಕೈಕೆಲಸದ ವ್ಯಾಪಾರ ಶುರು ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಚಿಕ್ಕಮ್ಮ ಈಗ ಹಲಸಿನ ಹಣ್ಣಿನ ಗೊಂಬೆ ಮಾಡುತ್ತಿದ್ದಾಳೆ. ಮುಳ್ಳಿಗೆ ಬೇರೆ ಹೊಲಿಗೆ, ಹೊಟ್ಟೆಗೆ ಒಂದು ಗುಂಡಿ, ಗುಂಡಿ ಬಿಚ್ಚಿದರೆ ಒಳಗಿಂದ ಹಳದಿ ತೊಳೆಗಳು, ಒಂದೊಂದಕ್ಕೂ ಒಂದೊಂದು ಮುಖ. ಇದನ್ನು ಅವಳು ಫೋನಿನಲ್ಲಿ ಹೇಳಿದ್ದು. ಅರ್ಜಿಗೆ ಎಲ್ಲ ಕಡೆಯಿಂದ ತೆಗೆದ ಫೋಟೊ ಬೇಕು ಅಂದಾಗ, ಹಲಸಿನ ಹಣ್ಣಿಗೆ ಮುಂದೆ ಯಾವ್ದು ಹಿಂದೆ ಯಾವ್ದು ಅಂತ ಕೇಳಿದಳು. ಫೋಟೊ ತೆಗೆಸಿ ಇಟ್ಟಿದ್ದಾಳಂತೆ. ನನಗೂ ಇನ್ನೂ ಕಳಿಸಿಲ್ಲ.