ಕೀಲಿ ಕೊಟ್ಟರೆ ನುಡಿಯುವ ರೇಡಿಯೊ

ಚಾರಣಕ್ಕೆ ಹೊರಟ ಹಳೆಯ ಶಿಷ್ಯನೊಬ್ಬ, "ಮೇಷ್ಟ್ರೇ, ಕೈಯಿಂದ ತಿರುವುವ ರೇಡಿಯೊ ಕೊಳ್ಳಬೇಕು, ಯಾವುದು ಒಳ್ಳೆಯದು?" ಎಂದು ಕೇಳಿದ. ಇತಿಹಾಸದ ಮೇಷ್ಟ್ರ ಉತ್ತರ ಇತಿಹಾಸದಿಂದಲೇ ಆರಂಭವಾಗಬೇಕಷ್ಟೆ!

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು, ಅದೇ 'ಆಕಾಶವಾಣಿ'. ಆದರೆ ವಿದ್ಯುತ್ತಿಲ್ಲದ, ಬ್ಯಾಟರಿ ಕೊಳ್ಳಲಾರದ ಮನೆಗೆ ಆ ವಾಣಿ ತಲುಪುವುದೆಂತು? ಆಫ್ರಿಕದ ಇಂಥ ಮನೆಗಳಿಗೆ ಏಡ್ಸ್ ರೋಗದ ತಿಳಿವಳಿಕೆ ಮುಟ್ಟಲೆಂದು, 1991ರಲ್ಲಿ ಇಂಗ್ಲೆಂಡಿನ ಟ್ರೆವರ್ ಬೇಲಿಸ್ ಗಡಿಯಾರದಂತೆ ಕೀಲಿ ಕೊಡುವ ರೇಡಿಯೊ ರೂಪಿಸಿದರು. ಬಿಗಿದ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಡೈನಮೊವನ್ನು ತಿರುಗಿಸುತ್ತಿತ್ತು.

ಈಗಿನ ಹೆಚ್ಚಿನ ರೇಡಿಯೊಗಳಲ್ಲಿ ಹಿಡಿ ತಿರುವಿದರೆ ಒಳಗಿನ ಬ್ಯಾಟರಿ ತುಂಬುತ್ತದೆ. ಬ್ಯಾಟರಿಗೆ ಮುಪ್ಪುಂಟು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನನ್ನ ತಂಗಿ ಮಡಿಕೇರಿಯಲ್ಲಿದ್ದಳು. ಫೋನು ಸಿಗಲಿಲ್ಲ, ಅಂಜನಾಪುರದ ನಮ್ಮ ಮನೆಯಲ್ಲಿ ಕರೆಂಟಿರಲಿಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ರೇಡಿಯೊ, ಎಷ್ಟು ತಿರುವಿದರೂ ನಾಲ್ಕು ಮಾತಾಡಿ ಮೂಕವಾಯಿತು. ಅವಳು ಕ್ಷೇಮವೆಂದು ತಿಳಿದದ್ದು ಮರುದಿನ.

ಆದ್ದರಿಂದ ಬ್ಯಾಟರಿ ಬದಲಿಸಬಹುದಾದ, ಸಾಮಾನ್ಯ ಸೆಲ್ಲುಗಳನ್ನೂ ಹಾಕಬಹುದಾದ, ಗಟ್ಟಿ ಹಿಡಿಯ ರೇಡಿಯೊ ಆರಿಸಿರಿ. ಎಫ್.ಎಂ.ಗೆ ಬೆಟ್ಟ ಅಡ್ಡಬರುತ್ತದೆ. ಮೀಡಿಯಂ ವೇವ್ ಕೂಡ ಇರಲಿ. ಸೌರಫಲಕವು ಬಿಸಿಲಿದ್ದಾಗಿನ ನೆಂಟ ಮಾತ್ರ. ಕೊಂಡ ಮೇಲೆ ತಿಂಗಳಿಗೊಮ್ಮೆಯಾದರೂ ತಿರುವಿ, ಕೇಳಿರಿ.